ಆಟದ ನಡುವೆ ಪಿಸಿ ಒಮ್ಮೆಲೇ ಆಫ್ ಆಗುತ್ತಿದೆ: ಗ್ರಾಫಿಕ್ಸ್ ಕಾರ್ಡ್ ಹಿಂದಿರುಗಿಸಬೇಕೇ?

ಪ್ರಶ್ನೆ

ನಮಸ್ಕಾರ. ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿಯ ನಾಲ್ಕು ಡಿಡಿಆರ್5-6000 ರ್‍ಯಾಮ್‌ಗಳನ್ನು ಹಾಕಿ ಗೇಮಿಂಗ್ ಪಿಸಿಯೊಂದನ್ನು ಜೋಡಿಸಿದ್ದೇನೆ. 850 ವ್ಯಾಟ್‌ನ ಪವರ್ ಸಪ್ಲೈ ಮಾತ್ರ ಹಳೆಯ ಪಿಸಿಯದು. ಭಾರೀ ಗ್ರಾಫಿಕ್ಸ್ ಇರುವ ಆಟಗಳಲ್ಲಿ, ಅದರಲ್ಲೂ ಮೆನುವಿನಿಂದ ಆಟದೊಳಗೆ ಹೋಗುವ ಕ್ಷಣದಲ್ಲಿ, ಪಿಸಿ ಆಫ್ ಆಗಿ ತಾನಾಗಿಯೇ ಮತ್ತೆ ಆನ್ ಆಗುತ್ತದೆ. ನೀಲಿ ಪರದೆ ಬರುವುದಿಲ್ಲ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆಯಷ್ಟೇ ಸಿಗುತ್ತದೆ. ಆದರೆ ಪಿಸಿಗೆ ಪೂರ್ಣ ಹೊರೆ ಕೊಟ್ಟು ಪರೀಕ್ಷಿಸುವ ಸ್ಟ್ರೆಸ್ ಟೆಸ್ಟ್ ಹಾಕಿದರೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ, ತಾಪಮಾನವೂ ಮಿತಿಯೊಳಗೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಪಿಸಿ ಆನ್ ಇರುವಂತೆಯೇ ಆಟ ಮಾತ್ರ ಮುಚ್ಚಿಕೊಂಡು ಡೆಸ್ಕ್‌ಟಾಪ್ ಕಾಣಿಸುವುದೂ ಉಂಟು. ಕಾರ್ಡ್ ಹಿಂದಿರುಗಿಸುವ ಅವಧಿ ಮುಗಿಯುತ್ತಾ ಬಂದಿದೆ. ದೋಷ ಕಾರ್ಡ್‌ನದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 1

ಕಾರ್ಡ್ ಹಿಂದಿರುಗಿಸಲು ಅವಸರಪಡಬೇಡಿ. ‘ಕರ್ನಲ್-ಪವರ್ 41’ ಎಂಬುದು ವಿಂಡೋಸ್ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಕಾರಣ ಏನೆಂಬುದು ಅದರಿಂದ ತಿಳಿಯುವುದಿಲ್ಲ. ಪರದೆ ಕಪ್ಪಾಗಿ, ಕಾರ್ಡ್‌ನ ಫ್ಯಾನುಗಳು ಪೂರ್ಣ ವೇಗದಲ್ಲಿ ತಿರುಗುತ್ತಾ, ಆಟದ ಧ್ವನಿ ಕೇಳಿಸುತ್ತಲೇ ಇದ್ದಿದ್ದರೆ ನಾನೂ ಮೊದಲು ಕಾರ್ಡ್ ಮತ್ತು ಅದರ ಕನೆಕ್ಟರ್ ಕಡೆಗೇ ನೋಡುತ್ತಿದ್ದೆ. ಇಡೀ ಪಿಸಿಯ ವಿದ್ಯುತ್ತೇ ಕಡಿದುಹೋಗುವುದು ಹೆಚ್ಚಾಗಿ ಪವರ್ ಸಪ್ಲೈ ತನ್ನ ರಕ್ಷಣೆಗಾಗಿ ತಾನೇ ನಿಂತಾಗ.

ಸ್ಟ್ರೆಸ್ ಟೆಸ್ಟ್ ದಾಟಿದ ಪಿಸಿ ಆಟದಲ್ಲಿ ಬೀಳುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ಟೆಸ್ಟ್‌ನಲ್ಲಿ ಹೊರೆ ಒಂದೇ ಸಮನೆ ಇರುತ್ತದೆ. ಆಟದಲ್ಲಿ ಅದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಮತ್ತು ನಿಮ್ಮ 450 ವ್ಯಾಟ್‌ನ ಕಾರ್ಡ್ ಕೂಡ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಅದಕ್ಕಿಂತ ಸಾಕಷ್ಟು ಹೆಚ್ಚು ವಿದ್ಯುತ್ತನ್ನು ಎಳೆಯಬಲ್ಲದು. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇದಕ್ಕೆಂದೇ, 100 ಮೈಕ್ರೊಸೆಕೆಂಡುಗಳ ಮಟ್ಟಿಗೆ ಪವರ್ ಸಪ್ಲೈ ತನ್ನ ಸಾಮರ್ಥ್ಯದ ಎರಡರಷ್ಟು ಹೊರೆಯನ್ನು ತಾಳಿಕೊಳ್ಳಬೇಕೆಂದು ವಿಧಿಸಿತು. ಅದಕ್ಕೂ ಹಿಂದಿನ ಪವರ್ ಸಪ್ಲೈ, ಮೇಲೆ 850 ಎಂದು ಬರೆದಿದ್ದರೂ, ಈ ಏರಿಕೆಯನ್ನು ಅಪಾಯವೆಂದು ಭಾವಿಸಿ ನಿಂತುಬಿಡಬಹುದು.

ಖರ್ಚಿಲ್ಲದೆ ಪರೀಕ್ಷಿಸುವ ದಾರಿಯಿದೆ. ಗ್ರಾಫಿಕ್ಸ್ ಕಾರ್ಡ್ ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ (ಕಾರ್ಡ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಅನ್ನು ಶೇ. 70ಕ್ಕೆ, ಅಂದರೆ ಸುಮಾರು 315 ವ್ಯಾಟ್‌ಗೆ ಇಳಿಸಿ, ಫ್ರೇಮ್ ದರಕ್ಕೂ ಮಿತಿ ಹಾಕಿ, ತೊಂದರೆ ಕೊಡುವ ಅದೇ ಆಟವನ್ನು ಆಡಿ. ಜೊತೆಗೆ ಕೇಬಲ್‌ಗಳನ್ನು ನೋಡಿ. ಪವರ್ ಸಪ್ಲೈನ ಕೇಬಲ್‌ಗಳನ್ನು ಕಾರ್ಡ್‌ಗೆ ಜೋಡಿಸುವ ಅಡಾಪ್ಟರ್‌ಗೆ ಹೋಗುವ 8-ಪಿನ್ ಕನೆಕ್ಟರ್ ಒಂದೊಂದಕ್ಕೂ ನಿಗದಿಯಾದ ಮಿತಿ 150 ವ್ಯಾಟ್. ಒಂದೇ ಕೇಬಲ್ ತುದಿಯಲ್ಲಿ ಕವಲೊಡೆದು ಎರಡು ಕನೆಕ್ಟರ್‌ಗಳಾಗಿದ್ದರೆ ಅದರ ಬದಲು ಪ್ರತ್ಯೇಕ ಕೇಬಲ್‌ಗಳನ್ನು ಬಳಸಿ. ಕಾರ್ಡ್‌ಗೆ ಸೇರುವ ದಪ್ಪ ಪ್ಲಗ್ ಮತ್ತು ಅದರ ಸಾಕೆಟ್ ನಡುವೆ ಕೂದಲೆಳೆಯಷ್ಟೂ ಸಂದು ಕಾಣಬಾರದು. ಇದನ್ನು ನೋಡುವಾಗ ಪಿಸಿಯ ಪ್ಲಗ್ ಕಿತ್ತಿಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ ಆಟ ಮಾತ್ರ ಮುಚ್ಚಿಕೊಳ್ಳುವುದು ಬೇರೆಯೇ ಕಾಯಿಲೆ ಎಂದು ನನಗನಿಸುತ್ತದೆ. ರೈಜನ್ 7000 ಸರಣಿಯಲ್ಲಿ ಎರಡು ರ್‍ಯಾಮ್‌ಗಳಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಡಿಡಿಆರ್5-5200. ನಾಲ್ಕು ಹಾಕಿದರೆ ಅದು 3600ಕ್ಕೆ ಇಳಿಯುತ್ತದೆ. ನಾಲ್ಕನ್ನೂ 6000ದಲ್ಲಿ ಓಡಿಸುವುದು ಓವರ್‌ಕ್ಲಾಕಿಂಗೇ ಸರಿ, ಅಂದರೆ ಅಧಿಕೃತ ಮಿತಿ ಮೀರಿದ ವೇಗ. ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ) ರ್‍ಯಾಮ್ ವೇಗ ಏರಿಸುವ ಎಕ್ಸ್‌ಪೋ ಆಯ್ಕೆಯನ್ನು ಆಫ್ ಮಾಡಿ ಆಡಿ ನೋಡಿ. ಆದರೆ ಪವರ್ ಲಿಮಿಟ್ ಬದಲಿಸಿದ ದಿನವೇ ಇದನ್ನೂ ಬದಲಿಸಬೇಡಿ. ಯಾವುದರಿಂದ ಏನು ಸರಿಹೋಯಿತೆಂಬುದೇ ಆಗ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಶೇ. 70ಕ್ಕೆ ಇಳಿಸಿದ ಮೇಲೆ ಪಿಸಿ ಆಫ್ ಆಗಲಿಲ್ಲ, ಆಟ ಮುಚ್ಚಿಕೊಳ್ಳುವುದು ಮಾತ್ರ ಉಳಿಯಿತು. ಬಳಿಕ ಎಕ್ಸ್‌ಪೋ ಆಫ್ ಮಾಡಿದಾಗ ಅದೂ ನಿಂತಿತು. ಪ್ರತ್ಯೇಕ ಕೇಬಲ್‌ಗಳನ್ನು ಹಾಕಿ ಪವರ್ ಲಿಮಿಟ್ ಅನ್ನು ಮತ್ತೆ ಪೂರ್ತಿ ಏರಿಸಿದರೆ ಮಾತ್ರ ಪಿಸಿ ಹಿಂದಿನಂತೆಯೇ ಆಫ್ ಆಗುತ್ತದೆ. ಹೊಸ ಪವರ್ ಸಪ್ಲೈ ಎಂತಹದನ್ನು ಆರಿಸಲಿ?

ಉತ್ತರ 1

ಹಾಗಾದರೆ ಕಾರ್ಡ್ ಇರಲಿ. 1000 ವ್ಯಾಟ್‌ನ, ಎಟಿಎಕ್ಸ್ 3.1 ಮಾನದಂಡದ, ತನ್ನದೇ 12ವಿ-2×6 ಕೇಬಲ್ ಇರುವ ಪವರ್ ಸಪ್ಲೈ ತೆಗೆದುಕೊಳ್ಳಿ. ಆ ಕೇಬಲ್ ನಿಮ್ಮ ಕಾರ್ಡ್‌ಗೆ ನೇರವಾಗಿ ಹೊಂದುತ್ತದೆ, ಅಡಾಪ್ಟರ್ ಬೇಕಿಲ್ಲ. ‘ಗೋಲ್ಡ್’, ‘ಪ್ಲಾಟಿನಮ್’ ಮುದ್ರೆಗಳು ದಕ್ಷತೆಯನ್ನಷ್ಟೇ ಸೂಚಿಸುತ್ತವೆ. ಹಠಾತ್ ಹೊರೆಯನ್ನು ಪವರ್ ಸಪ್ಲೈ ಹೇಗೆ ತಾಳುತ್ತದೆ ಎಂಬುದನ್ನು ಅಳೆದು ಬರೆದ ವಿಮರ್ಶೆಗಳನ್ನು ಓದಿ ಆರಿಸಿ. ಅಲ್ಲಿಯವರೆಗೆ ಶೇ. 70ರಲ್ಲೇ ಆಡಿ, ವೇಗದಲ್ಲಿ ಆಗುವ ನಷ್ಟ ಸ್ವಲ್ಪವೇ. ರ್‍ಯಾಮ್ ವಿಷಯದಲ್ಲಿ, ಅವಕಾಶವಿದ್ದರೆ ನಾಲ್ಕರ ಬದಲು 32 ಜಿಬಿಯ ಎರಡನ್ನು ಹಾಕುವುದೇ ಮೇಲು.

ಇನ್ನೊಂದು ಮಾತು: ಹಳೆಯ ಪವರ್ ಸಪ್ಲೈನ ಒಂದು ಕೇಬಲನ್ನೂ ಹೊಸದಕ್ಕೆ ಹಾಕಬೇಡಿ. ಪ್ಲಗ್ ಸರಿಯಾಗಿ ಕೂತರೂ ಪವರ್ ಸಪ್ಲೈ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಮಾದರಿಯಿಂದ ಮಾದರಿಗೇ ಬೇರೆಯಾಗಿರುತ್ತದೆ. ತಪ್ಪು ಕೇಬಲ್ ಹಾಕಿ ಆನ್ ಮಾಡಿದರೆ ಎಸ್‌ಎಸ್‌ಡಿ, ಮದರ್‌ಬೋರ್ಡ್ ಸುಟ್ಟುಹೋಗಬಹುದು.