ಜರ್ಮನ್ ಕಲಿಯಬೇಕಾ, ಫೋನ್ ಸಾಕಾ?

ಉಡುಪಿಯಿಂದ: ನರ್ಸಿಂಗ್ ಮುಗಿಸಿದ್ದೇನೆ, ಜರ್ಮನಿಗೆ ಹೋಗುವ ಯೋಚನೆ ಉಂಟು. ಜರ್ಮನ್ ಭಾಷೆಯ ಬಿ2 ಹಂತ ಮುಗಿಸಲು ಒಂದು ವರ್ಷ ಬೇಕಂತೆ. ಫೋನೇ ಅನುವಾದ ಮಾಡುವಾಗ ಇಷ್ಟು ಕಷ್ಟ ಯಾಕೆ? ಅನುಭವ ಇದ್ದವರು ಹೇಳಿ.

ಕಂಕನಾಡಿಯ ನರ್ಸ್: ನನ್ನ ಕಥೆ ಕೇಳಿ. ಕ್ಲಾಸಿಗೆ 78,000 ಕೊಟ್ಟೆ. ಪರೀಕ್ಷೆ ಬೆಂಗಳೂರಿನಲ್ಲಿ. ಜುಲೈ ಮಳೆ, ಶಿರಾಡಿಯಲ್ಲಿ ಗುಡ್ಡ ಜಾರಿ ಬಸ್ಸು ಆರು ಗಂಟೆ ಅಲ್ಲೇ ನಿಂತಿತು. ಮುಖ ಸಹ ತೊಳೆಯದೆ ಹೋಗಿ ಕೂತೆ. ಮೂರು ಭಾಗ ಪಾಸ್, ಕೇಳುವ ಭಾಗದಲ್ಲಿ 57. ಬೇಕಾದ್ದು 60! ಮತ್ತೆ ಫೀಸು, ಮತ್ತೆ ಬಸ್ಸು, ಮತ್ತೆ ಲಾಡ್ಜು. ಅಮ್ಮನ ಬಳೆ ಅಡವಿಟ್ಟದ್ದು ಆಗಲೇ. ಬಿಡಿಸಿದ್ದು ಹೋದ ವರ್ಷ.

ಸುರತ್ಕಲ್‌ನವ: ಸುಮ್ನೆ ದುಡ್ಡು ದಂಡ. ನಾನು ಮ್ಯೂನಿಕ್‌ನಲ್ಲಿ ಮೂರು ವರ್ಷ ಐಟಿ ಕೆಲಸ ಮಾಡಿದೆ. ಬಾಡಿಗೆ ಕರಾರು, ತೆರಿಗೆ ಪತ್ರ ಎಲ್ಲ ಕ್ಯಾಮೆರಾ ಹಿಡಿದೇ ಓದಿದ್ದು. ಒಮ್ಮೆ ಮಾತ್ರ ಎಡವಟ್ಟಾಯಿತು. ಮ್ಯಾನೇಜರ್ ಮನೆಗೆ ಊಟಕ್ಕೆ ‘ಹಾಲ್ಬ್ ಆಖ್ಟ್’ಗೆ ಬಾ ಅಂದರು. ಆಖ್ಟ್ ಎಂಟು, ಹಾಲ್ಬ್ ಅರ್ಧ. ಎಂಟೂವರೆಗೆ ಹೋದೆ. ಅವರಿಗೆ ಅದು ಏಳೂವರೆ. ಸೂಪ್ ತಣ್ಣಗಾಗಿತ್ತು.

ಕಂಕನಾಡಿಯ ನರ್ಸ್: ನಿಮ್ಮದು ಸೂಪ್ ಮಾರಾಯ್ರೆ, ನನ್ನದು ಪೇಶೆಂಟ್. ಆಪರೇಷನ್ನಿಗೆ ಮುಂಚೆ ‘ನ್ಯುಶ್ಟರ್ನ್’ ಅಂದರೆ ಹೊಟ್ಟೆ ಖಾಲಿ. ಅದೇ ಪದಕ್ಕೆ ‘ಅಮಲಿನಲ್ಲಿಲ್ಲ’ ಅಂತಲೂ ಅರ್ಥ ಉಂಟು. ಫೋನ್ ಎರಡನೆಯದನ್ನು ತೋರಿಸಿದರೆ? ಜರ್ಮನಿಯ ಪಾದ್ರಿ ಕಿಟ್ಟೆಲ್ ಏನು ಆ್ಯಪ್ ಹಿಡಿದುಕೊಂಡು ಬಂದರಾ? 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ.

ಸುರತ್ಕಲ್‌ನವ: ಅವರಿಗೆ ಬೇರೆ ದಾರಿ ಎಲ್ಲಿತ್ತು? ಇವತ್ತು ಬಂದಿದ್ದರೆ ಅವರೂ ಫೋನೇ ತೆಗೆಯುತ್ತಿದ್ದರು.

ದುಬೈಯಿಂದ: ನಾನಿಲ್ಲಿ 11 ವರ್ಷ. ಅರಬಿ ಒಂದಕ್ಷರ ಬರುವುದಿಲ್ಲ. ಮಲಯಾಳಂ ಬಂತು, ಜೀವನ ಆಯಿತು. ಮನೆಯಲ್ಲಿ ಮಕ್ಕಳಿಗೆ ತುಳು ಕಲಿಸದವರು ಜರ್ಮನ್ ಕಲಿಯುತ್ತಾರಂತೆ!

ಸುರತ್ಕಲ್‌ನವ: ತುಳು ಸಹ 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಬಂತಲ್ಲ.

ದುಬೈಯಿಂದ: ಬಂದದ್ದು ಕನ್ನಡ ಲಿಪಿಯಲ್ಲಿ. ನಮ್ಮ ತುಳು ಲಿಪಿ ಅದೇ ವರ್ಷ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ಗೆ ಸೇರಿದ್ದು ಗೊತ್ತುಂಟಾ?

ಸುರತ್ಕಲ್‌ನವ: ಗೊತ್ತುಂಟು. ನಿಮಗೆ ಅದನ್ನು ಓದಲು ಬರುತ್ತದಾ?

ದುಬೈಯಿಂದ: ಅದು ಬೇರೆ ವಿಷಯ.

ಕಂಕನಾಡಿಯ ನರ್ಸ್: ಉಡುಪಿಯವರೇ, ಇದ್ದೀರಾ? ನನ್ನ ಬಿ1 ಪುಸ್ತಕ ಅಮ್ಮನ ಹತ್ತಿರ ಉಂಟು. ಉತ್ತರ ಎಲ್ಲ ಪೆನ್ಸಿಲಿನಲ್ಲಿ ಬರೆದದ್ದು, ಅಳಿಸಿಕೊಳ್ಳಿ.