ಜನರಲ್ ಸರ್ಜರಿ: ಸರ್ಕಾರಿ ಕಾಲೇಜಿನ ಎಂಎಸ್ಸೋ, ಬೆಂಗಳೂರಿನ ಡಿಎನ್‌ಬಿಯೋ?

ಹೌಸ್‌ಸರ್ಜನ್_ದಾವಣಗೆರೆ:
ನನ್ನ ನೀಟ್ ಪಿಜಿ (ಎಂಬಿಬಿಎಸ್ ನಂತರದ ಪ್ರವೇಶ ಪರೀಕ್ಷೆ) ರ‍್ಯಾಂಕಿಗೆ ಉತ್ತರ ಕರ್ನಾಟಕದ ಸರ್ಕಾರಿ ಕಾಲೇಜಲ್ಲಿ ಎಂಎಸ್ (ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ಸಿಗಬಹುದು, ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಡಿಎನ್‌ಬಿಯೂ (ರಾಷ್ಟ್ರೀಯ ಪರೀಕ್ಷಾ ಮಂಡಳಿ ಕೊಡುವ ಸಮಾನ ಅರ್ಹತೆ) ಸಿಗಬಹುದು. ಎರಡೂ 3 ವರ್ಷದ ಕೋರ್ಸು. ಮುಂದೆ ಜಿಲ್ಲಾ ಕೇಂದ್ರದಲ್ಲಿ ಪ್ರಾಕ್ಟೀಸ್ ಮಾಡುವ ಆಸೆ. ಸೇರುವ ಮೊದಲು ಏನೇನು ವಿಚಾರಿಸಬೇಕು?

ಓಟಿ_ಟೇಬಲ್:
ಜಿಲ್ಲೆಯಲ್ಲಿ ಪ್ರಾಕ್ಟೀಸ್ ಅಂದರೆ ಅಪೆಂಡಿಕ್ಸ್, ಹರ್ನಿಯಾ, ಕರುಳು ತೂತಾದದ್ದು, ಅಪಘಾತದ ಕೇಸು. ಇವು ರಾತ್ರಿ ಹೊತ್ತು ದಂಡಿಯಾಗಿ ಬರುವುದು ಸರ್ಕಾರಿ ಆಸ್ಪತ್ರೆಗೆ, ಅಲ್ಲಿ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಕೈಗೆ ಚಾಕು ಬೇಗ ಸಿಗುತ್ತದೆ. ಖಾಸಗಿಯಲ್ಲಿ ರೋಗಿ ದುಡ್ಡು ಕಟ್ಟಿ ಬಂದಿರುವುದು ಕನ್ಸಲ್ಟೆಂಟ್ ಹೆಸರು ಕೇಳಿ; ಹಾಗಾಗಿ ಲ್ಯಾಪ್ರೊಸ್ಕೋಪಿಯನ್ನು ಹತ್ತಿರದಿಂದ ನೋಡುತ್ತೀರಿ, ಐಸಿಯು ಚೆನ್ನಾಗಿ ಕಲಿಯುತ್ತೀರಿ, ಆದರೆ ಬಹಳಷ್ಟು ಸಲ ಕ್ಯಾಮೆರಾ ಹಿಡಿದು ನಿಲ್ಲುವುದೇ ಆಗುತ್ತದೆ. ಆ ಆಸ್ಪತ್ರೆಯಲ್ಲಿ ರಿಯಾಯಿತಿ ದರದ ಜನರಲ್ ವಾರ್ಡ್ ಇದ್ದರೆ ಮಾತು ಬೇರೆ, ಅದನ್ನು ಮೊದಲು ಕೇಳಿ.

ಆಮೇಲೆ ಲೆಕ್ಕ ಹಾಕಿ. ಯೂನಿಟ್‌ಗೆ ವಾರಕ್ಕೆ 2 ಓಟಿ (ಆಪರೇಷನ್ ಥಿಯೇಟರ್) ದಿನ, ದಿನಕ್ಕೆ 6 ಮೇಜರ್ ಕೇಸ್ ಅಂದುಕೊಳ್ಳಿ. ಪಿಜಿಗಳು ಮೂವರಿದ್ದರೆ ತಲಾ ನಾಲ್ಕು. ಆರು ಜನರಿದ್ದು ಮೇಲೆ ಒಬ್ಬ ಫೆಲೊ (ಪಿಜಿ ಮುಗಿಸಿ ಹೆಚ್ಚಿನ ತರಬೇತಿಯಲ್ಲಿರುವ ವೈದ್ಯ) ಇದ್ದರೆ ತಲಾ ಎರಡು ಕೇಸ್ ಕೂಡ ದಕ್ಕುವುದಿಲ್ಲ. ಹಾಸಿಗೆಗಳ ಸಂಖ್ಯೆ ನೋಡಿದರೆ ಇದು ಗೊತ್ತಾಗಲ್ಲ.

ನೈಟ್‌ಡ್ಯೂಟಿ:
ಮೇಲಿನದ್ದು ಸರಿ, ಆದರೆ ಸರ್ಕಾರಿ ಕಾಲೇಜು ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಸೇರಬೇಡಿ. ರಾತ್ರಿ 2 ಗಂಟೆಗೆ ಹೊಟ್ಟೆ ತೆರೆಯುವಾಗ ಪಕ್ಕದಲ್ಲಿ ಸೀನಿಯರ್ ಇರುತ್ತಾರೋ, ಫೋನಲ್ಲಿ ಮಾತ್ರವೋ? ಫೋನಲ್ಲಿ ಮಾತ್ರ ಎಂದರೆ ತಪ್ಪು ವಿಧಾನವೇ ಕೈಗೆ ರೂಢಿಯಾಗುತ್ತದೆ, ರೋಗಿಗೂ ಅಪಾಯ. ರಕ್ತದ ಸ್ಯಾಂಪಲ್ ಲ್ಯಾಬಿಗೆ ಯಾರು ಒಯ್ಯುತ್ತಾರೆ? ಪಿಜಿಗಳೇ ಎಂದಾದರೆ ಮೊದಲ ವರ್ಷ ಓಡಾಟದಲ್ಲೇ ಕಳೆಯುತ್ತದೆ. ಕಳೆದ ಬ್ಯಾಚಲ್ಲಿ ಎಷ್ಟು ಜನ ಸೀಟು ಬಿಟ್ಟರು ಎಂದೂ ಕೇಳಿ, ಅವರ ಡ್ಯೂಟಿ ಉಳಿದವರ ತಲೆಗೇ ಬರುತ್ತದೆ.

2023ರ ಪಿಜಿ ನಿಯಮದಲ್ಲಿ ವಾರಕ್ಕೊಂದು ರಜೆ (ಕೆಲಸದ ಒತ್ತಡಕ್ಕೆ ಒಳಪಟ್ಟು), ವರ್ಷಕ್ಕೆ 20 ಸಾಂದರ್ಭಿಕ ರಜೆ ಇದೆ. ನಿಜಕ್ಕೂ ಕೊಡುತ್ತಾರಾ ಎಂಬುದೇ ಪ್ರಶ್ನೆ.

ಇದನ್ನೆಲ್ಲ ಮೂರನೇ ವರ್ಷದವರ ಹತ್ತಿರ ವಿಚಾರಿಸಿ. ಮೊದಲ ವರ್ಷದವರು ಇನ್ನೂ ವಾರ್ಡಲ್ಲೇ ಇರುತ್ತಾರೆ. ‘ಕಟಿಂಗ್ ಚೆನ್ನಾಗಿದೆಯಾ’ (ಸ್ವತಃ ಆಪರೇಷನ್ ಮಾಡಲು ಸಿಗುತ್ತದೆಯಾ) ಎಂದರೆ ಎಲ್ಲರೂ ಹೌದು ಅಂತಾರೆ. ಲಾಗ್‌ಬುಕ್ ತೋರಿಸಲು ಹೇಳಿ, ಸ್ವತಃ ಮಾಡಿದ್ದೆಷ್ಟು, ಅಸಿಸ್ಟ್ ಮಾಡಿದ್ದೆಷ್ಟು ಎಣಿಸಿ.

ಸೀಟ್_ಮ್ಯಾಟ್ರಿಕ್ಸ್:
ಕೌನ್ಸೆಲಿಂಗ್ ವಿಷಯ: ಡಿಎನ್‌ಬಿ ಮತ್ತು ಅಖಿಲ ಭಾರತ ಕೋಟಾ ಎಂಸಿಸಿಯಲ್ಲಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ), ರಾಜ್ಯ ಕೋಟಾ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ). ಎರಡರ ದಿನಾಂಕವನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ನೀವು ತುಂಬುವ ಆಯ್ಕೆಗಳ ಪಟ್ಟಿಯಲ್ಲಿ ನಿಮಗೆ ಹೆಚ್ಚು ಬೇಕಾದದ್ದೇ ಮೇಲಿರಲಿ. ಹಂಚಿಕೆ ರ‍್ಯಾಂಕಿನ ಮೇಲೆ ನಡೆಯುವುದರಿಂದ, ಸಿಗದ ಸೀಟನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುವುದಿಲ್ಲ. ಭಯಕ್ಕೆ ‘ಸಿಗುವಂಥದ್ದನ್ನು’ ಮೇಲೆ ಹಾಕಿದವರಿಗೆ ಅದೇ ಸಿಕ್ಕಿಬಿಡುತ್ತದೆ.

ಡಿಎನ್‌ಬಿ ಆದರೆ ಆ ವಿಭಾಗದ ಮಾನ್ಯತೆ ಯಾವ ವರ್ಷದವರೆಗಿದೆ ನೋಡಿ. ಥೀಸಿಸ್ ಪ್ರೋಟೊಕಾಲ್ (ಪ್ರಬಂಧದ ಸಂಶೋಧನಾ ಯೋಜನೆ), ನೀವು ಕೋರ್ಸಿಗೆ ಸೇರಿದ 90 ದಿನದೊಳಗೆ ಮಂಡಳಿಗೆ ಹೋಗಬೇಕು, ಗೈಡ್‌ಗೆ ಬಿಡುವಿಲ್ಲದಿದ್ದರೆ ಅಲ್ಲೇ ತೊಡಕು ಶುರು. ಎಂಎಸ್ ಆದರೆ 3 ತಿಂಗಳ ಜಿಲ್ಲಾ ರೆಸಿಡೆನ್ಸಿಗೆ (ಜಿಲ್ಲಾ ಆಸ್ಪತ್ರೆಯಲ್ಲಿನ ತರಬೇತಿ) ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಕೇಳಿ, ನಿಮ್ಮ ಗುರಿಗೆ ಅದು ನೇರವಾಗಿ ಉಪಯೋಗ. ಬಾಂಡ್ (ಕಡ್ಡಾಯ ಸೇವೆಯ ಕರಾರು), ಮಧ್ಯೆ ಬಿಟ್ಟರೆ ಕಟ್ಟಬೇಕಾದ ದಂಡ, ಸ್ಟೈಪೆಂಡ್ ಮೂರನ್ನೂ ಈ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಿ. ಸೀನಿಯರ್ ಹೇಳುವ ಅಂಕಿ ಅವರ ಬ್ಯಾಚಿನದು.