ಮೂರು ತಿಂಗಳಿಂದ ಡೇಟ್ ಆಗಿಲ್ಲ, ಪ್ರೆಗ್ನೆಂಟೂ ಅಲ್ಲ. ಯಾರಿಗಾದ್ರೂ ಹೀಗಾಗಿತ್ತಾ?

ನಂಗೆ 29 ವರ್ಷ. ತಿಂಗಳು ತಿಂಗಳು ಸರಿಯಾಗಿ ಆಗ್ತಿತ್ತು, ಈಗ ನಿಂತುಹೋಗಿದೆ. ಕಾರ್ಡ್ ಟೆಸ್ಟ್ ಮತ್ತೆ ಮತ್ತೆ ಮಾಡಿದೆ, ನೆಗೆಟಿವ್. ಅತ್ತೆ ಪಪ್ಪಾಯಿ, ಎಳ್ಳು-ಬೆಲ್ಲ ತಿನ್ನು ಅಂತಾರೆ. ಡೇಟ್ ಆಗೋ ಮಾತ್ರೆ ಮೆಡಿಕಲ್‌ನಲ್ಲೇ ಸಿಗುತ್ತಂತೆ, ತಗೊಳ್ಳಲಾ? ಅನುಭವ ಇರೋ ಅಕ್ಕಂದಿರು ಹೇಳಿ.

ಉತ್ತರ: ಬೇಡ ತಂಗಿ. ಮಾತ್ರೆಯಿಂದ ಒಂದ್ಸಲ ಆಗಬಹುದು, ಆದ್ರೆ ಯಾಕೆ ನಿಂತಿತ್ತು ಅನ್ನೋದು ಹಾಗೇ ಉಳಿಯುತ್ತೆ. ಈಗಾಗಲೇ ಏನೇನು ಮಾತ್ರೆ ನುಂಗ್ತಿದ್ದೀಯ, ಅದನ್ನ ಮೊದಲು ನೋಡು. ನಂಗೆ ನಿಂತಾಗ ಥೈರಾಯ್ಡ್ ಸರಿ, ಸ್ಕ್ಯಾನಿಂಗೂ ಸರಿ. ಪ್ರೊಲ್ಯಾಕ್ಟಿನ್ ಮಾತ್ರ ಜಾಸ್ತಿ ಬಂತು. ಬಾಣಂತಿಯರಿಗೆ ಹಾಲು ಬರಿಸೋ ಹಾರ್ಮೋನು ಅದು, ಏರಿದರೆ ಅಂಡಾಣು ಬಿಡುಗಡೆಯಾಗಲ್ಲ, ಮುಟ್ಟೂ ನಿಲ್ಲುತ್ತೆ. ನನ್ನ ಬ್ರಾ ಒಳಗೆ ಹಾಲಿನ ಕಲೆ ಬೇರೆ ಆಗ್ತಿತ್ತು, ಹೇಳೋಕೆ ಸಂಕೋಚಪಟ್ಟಿದ್ದೆ. ಡಾಕ್ಟರು "ಮನೇಲಿರೋ ಸ್ಟ್ರಿಪ್ಪೆಲ್ಲ ತಗೊಂಡು ಬನ್ನಿ" ಅಂದ್ರು. ಗ್ಯಾಸ್ಟ್ರಿಕ್‌ಗೆ ಅಂತ ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೋತಿದ್ದ ಕ್ಯಾಪ್ಸೂಲಿನ ಹಿಂದೆ ಸಣ್ಣಕ್ಷರದಲ್ಲಿ ಲೆವೊಸಲ್ಪಿರೈಡ್ ಅಂತಿತ್ತು. ಪ್ರೊಲ್ಯಾಕ್ಟಿನ್ ಏರಿಸಿದ್ದು ಅದೇ. ಡೊಂಪೆರಿಡೋನ್ ಇರೋದ್ರಲ್ಲೂ ಹೀಗಾಗುತ್ತೆ. ಮಾತ್ರೆ ಬದಲಾಯಿಸಿದ ಮೇಲೆ ನನ್ನ ಮುಟ್ಟು ಸರಿಹೋಯ್ತು. ಮಾನಸಿಕ ಕಾಯಿಲೆಗೆ ಕೊಡೋ ಕೆಲವು ಔಷಧಿಗಳಿಂದಲೂ ಪ್ರೊಲ್ಯಾಕ್ಟಿನ್ ಏರುತ್ತೆ, ಆದ್ರೆ ಅವನ್ನ ಡಾಕ್ಟರನ್ನ ಕೇಳದೆ ದಯವಿಟ್ಟು ಯಾರೂ ನಿಲ್ಲಿಸಬೇಡಿ.

ಇನ್ನೊಬ್ಬರು: ನಂದು ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಅಂತ ಎಲ್ಲರೂ ಹೇಳಿದ್ರು, ಕೊನೆಗೆ ಥೈರಾಯ್ಡ್. ಸುಸ್ತು, ಚಳಿ ತಡೆಯೋಕಾಗ್ದೇ ಇರೋದು, ಕೂದಲು ಉದುರೋದು ಇದ್ರೆ ಟಿಎಸ್‌ಹೆಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮೊದಲು ಮಾಡಿಸಿ. ಗಲ್ಲದ ಮೇಲೆ ಕೂದಲು, ಮೊಡವೆ, ಮೊದಲಿಂದ್ಲೂ ಏರುಪೇರು ಇದ್ರೆ ಪಿಸಿಒಡಿ ಕಡೆ ಯೋಚಿಸಬಹುದು.

ಮತ್ತೊಬ್ಬರು: ನನ್ನ ಮಗಳು ಹಾಸ್ಟೆಲ್‌ನಲ್ಲಿ ರಾತ್ರಿ ಊಟ ಬಿಟ್ಟು ದಿನಾ ಜಿಮ್‌ಗೆ ಹೋಗ್ತಿದ್ಲು. ತೂಕ ಇಳೀತು ಅಂತ ನಾವೂ ಖುಷಿಪಟ್ವಿ, ಅಷ್ಟರಲ್ಲಿ ಮುಟ್ಟು ನಿಂತಿತ್ತು. ಮೈಗೆ ಸಾಲುವಷ್ಟು ಊಟ ಸಿಗದಿದ್ರೆ ಮೆದುಳೇ ಮುಟ್ಟು ತರಿಸೋ ಹಾರ್ಮೋನುಗಳನ್ನ ಕಡಿಮೆ ಮಾಡುತ್ತಂತೆ. ಹೊಟ್ಟೆ ತುಂಬ ತಿನ್ನೋಕೆ ಶುರುಮಾಡಿದ ಎಷ್ಟೋ ತಿಂಗಳಿಗೆ ಬಂತು. ಮನಸ್ಸಿಗೆ ತುಂಬಾ ಚಿಂತೆ ಇದ್ರೂ ಹೀಗಾಗುತ್ತೆ.

ನರ್ಸ್ ಆಗಿರೋ ನನ್ನ ಮಾತು: ಸರ್ಕಾರಿ ಆಸ್ಪತ್ರೇಲಿ ಮಕ್ಕಳಾಗದ ಹಾಗೆ ಕೊಡೋ ಅಂತರಾ ಇಂಜೆಕ್ಷನ್, ಛಾಯಾ ಮಾತ್ರೆ ತಗೊಂಡಿದ್ರೂ ಮುಟ್ಟು ತಡವಾಗುತ್ತೆ ಅಥವಾ ನಿಲ್ಲುತ್ತೆ. ಡಿ ಅಂಡ್ ಸಿ (ಗರ್ಭಕೋಶ ಕ್ಲೀನ್ ಮಾಡೋದು) ಆಗಿದ್ರೆ, ಹಿಂದೆ ಟಿಬಿ ಬಂದಿದ್ರೆ ಅದನ್ನೂ ಹೇಳಿ, ಗರ್ಭಕೋಶದ ಒಳಪದರ ಅಂಟಿಕೊಂಡಿರಬಹುದು. 40 ದಾಟೋ ಮೊದಲೇ ಮುಟ್ಟು ನಿಲ್ಲೋದೂ ಉಂಟು, ಅದಕ್ಕೆ ಎಫ್‌ಎಸ್‌ಹೆಚ್ ಅನ್ನೋ ಹಾರ್ಮೋನಿನ ರಕ್ತಪರೀಕ್ಷೆ ಮಾಡಿ ನೋಡ್ತಾರೆ. ಸರಿಯಾಗಿ ಆಗ್ತಿದ್ದದ್ದು ಮೂರು ತಿಂಗಳು ನಿಂತ್ರೆ ತೋರಿಸ್ಲೇಬೇಕು, ಇನ್ನು ಕಾಯಬೇಡಿ. ಜೋರು ಹೊಟ್ಟೆನೋವು, ಅಥವಾ ತಲೆನೋವಿನ ಜೊತೆ ಕಣ್ಣು ಮಂಜಾಗೋದು ಇದ್ರೆ ಇವತ್ತೇ ಹೋಗಿ. ಕೊನೇ ಸಲ ಆದ ತಾರೀಕು ಬರ್ಕೊಂಡು ಹೋಗಿ, ಸ್ಟ್ರಿಪ್ಪುಗಳನ್ನೂ ಬ್ಯಾಗಿಗೆ ಹಾಕ್ಕೊಳ್ಳಿ.